ಕುಡಿತ ಬಿಟ್ಟವರ ಕೂಟ



ಎಡದಂಡೆ ಕಾಲುವೆಗೆ ನೀರು ಎಂದು ಬಿಡುತ್ತಾರೆ, ಬತ್ತದ ಬೆಂಕಿರೋಗಕ್ಕೆ ಏನು ಹೊಡೆಯಬೇಕು ಎಂದು ಕೇಳಲಿಕ್ಕೆ ನಮ್ಮಲ್ಲಿ ಯಾರೂ ನಾಚುವುದಿಲ್ಲ. ಬತ್ತ ಮಾರಿದ ರೊಕ್ಕ ಮನೆಗೆ ಮುಟ್ಟುವುದಕ್ಕೆ ಮೊದಲೇ ಅಂಗಡಿಯಲ್ಲಿ ಕರಗುತ್ತದೆ, ಏನ್ ಮಾಡೋಣ ಎಂದು ಕೇಳುವವರು ಮಾತ್ರ ವಿರಳ. ಆದರೂ ಈ ಸಂಗತಿ ಓಣಿಗೆಲ್ಲ ಗೊತ್ತೇ ಇರುತ್ತದೆ ನೋಡ್ರಿ. 2007ನೆಯ ಇಸವಿ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಅಂಗಡಿ ಮುಚ್ಚುವ ವಿಚಾರ ಸರಕಾರದ್ದು. ಅಂಗಡಿ ತೆರೆದಿರುವಾಗಲೇ ಬಿಡಬೇಕೆನ್ನುವವನ ವಿಚಾರ ಈ ಹೊತ್ತಿನದು.

ಕುಷ್ಟಗಿ ಕಡೆಯವರಿಗೆ ಇಳಕಲ್ಲಿನ ಜೋಳಿಗೆ ಗೊತ್ತುಂಟು. ಅಲ್ಲಿನ ಚಿತ್ತರಗಿ ಸಂಸ್ಥಾನಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಕಾಳು-ಕಡಿ ಬೇಡಲಿಲ್ಲ, ನಿಮ್ಮ ಚಟ ಇದರಲ್ಲಿ ಹಾಕ್ರಿ ಎಂದು ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನೆಯ ತಾರೀಖನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಾಲ್ಕು ಜನರೆದುರು ಚಟ ಜೋಳಿಗೆಗೆ ಹಾಕುವುದು ದೊಡ್ಡ ಮಾತೇ ಸರಿ. ಆದರೆ ಆಣೆ ಮಾಡುವ ದಿನ ಅಷ್ಟು ಕಠಿಣವಲ್ಲ. ಮುಂದಿನ ಸಂತೆಯ ದಿನ ಸಂಜೆ, ಕೈಯಲ್ಲಿ ಕೂಲಿ ಬಂದಾಗ, ಹಳೇ ಗೆಳೆಯ ಹೆಗಲ ಮೇಲೆ ಕೈ ಹಾಕಿದಾಗ ಕಠಿಣ. ಆ ಹೊತ್ತಿಗೆ ಬೇಕಾದುದೇ ಕೂಟ.

ಇಂಥ ಕೂಟ ಮೊದಲು ಅಮೆರಿಕಾ ದೇಶದ ಆಕ್ರನ್ ಎಂಬ ಪಟ್ಟಣದಲ್ಲಿ 1935ರಲ್ಲಿ ಹುಟ್ಟಿತು. ಇಬ್ಬರು ಕುಡುಕರು, ಒಬ್ಬ ಷೇರು ವ್ಯಾಪಾರದವ, ಇನ್ನೊಬ್ಬ ಶಸ್ತ್ರವೈದ್ಯ. ಒಬ್ಬರ ಕಥೆ ಒಬ್ಬರು ಕೇಳುತ್ತ ಕುಡಿಯದೆ ಉಳಿಯಬಹುದೆಂಬುದು ಅವರಿಗೆ ಹೊಳೆಯಿತು. ಅದಕ್ಕೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂದು ಹೆಸರು, ಅಂದರೆ ಹೆಸರು ಹೇಳಿಕೊಳ್ಳದ ಕುಡುಕರು ಎಂದರ್ಥ. ಅದು 1957ರಲ್ಲಿ ಮುಂಬಯಿಗೆ ಬಂತು. ಫೀ ಇಲ್ಲ, ಜಾತಿ ಕೇಳುವುದಿಲ್ಲ. ಬಿಡಬೇಕೆಂಬ ಮನಸ್ಸಿದ್ದರೆ ಸಾಕು. ಖರ್ಚಿಗೆ ತಾವೇ ಕೈಲಾದಷ್ಟು ಹಾಕುತ್ತಾರೆ.

ಒಳಗೆ ಏನು ನಡೆಯುತ್ತದೆ? ಬಹಳ ಮಂದಿಗೆ ಇದೇ ಅಂಜಿಕೆ. ಅಲ್ಲಿ ಭಾಷಣ ಇಲ್ಲ, ಬೈಯುವವರೂ ಇಲ್ಲ. ಗಂಟೆ, ಒಂದೂವರೆ ಗಂಟೆ ಕೂಡುತ್ತಾರೆ. ಒಬ್ಬೊಬ್ಬರಾಗಿ ತಾವು ಹೇಗೆ ಕುಡಿದೆವು, ಏನು ಕಳಕೊಂಡೆವು, ಹೇಗೆ ಬಿಟ್ಟೆವು ಎಂದು ಹೇಳುತ್ತಾರೆ. ನಡುವೆ ಬಾಯಿ ಹಾಕುವ ಪದ್ಧತಿ ಇಲ್ಲ. ಮೊದಲ ದಿನ ನೀವು ಸುಮ್ಮನೆ ಕೂತು ಕೇಳಿದರೂ ಆದೀತು. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು, ಇದು ಕಟ್ಟಾಜ್ಞೆ. ಜನ್ಮಪೂರ್ತಿ ಬಿಟ್ಟೆನೆಂದು ಯಾರೂ ಹೇಳಿಸುವುದಿಲ್ಲ. ಈ ಹೊತ್ತು ಒಂದು ದಿನ ಕುಡಿಯೋದು ಬೇಡ, ನಾಳಿನದು ನಾಳೆ. ಒಂದೇ ಸಲ ಹೋಗಿ ಸರಿಬೀಳಲಿಲ್ಲ ಎಂದು ಬಿಡಬೇಡಿರಿ, ನಾಲ್ಕಾರು ಸಲ ಹೋಗಿ ನೋಡಿರಿ. ನಡುವೆ ಜಾರಿ ಕುಡಿದರೂ ತಿರುಗಿ ಹೋಗಿರಿ. ಬಾಗಿಲು ಹಾಕುವುದಿಲ್ಲ.

ನಮ್ಮ ನಾಡಿನದೇ ಇನ್ನೊಂದು ಏರ್ಪಾಡುಂಟು. ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜತೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಕೂಡುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯವೆಂದು ನಾನು ಹೇಳೇನು.

ಇಲ್ಲಿ ಒಂದು ಎಚ್ಚರಿಕೆ ಕೇಳಲೇಬೇಕು. ದಿನಾಲೂ ಬಹಳ ಕುಡಿಯುವವನು ಒಮ್ಮೆಲೆ ಬಿಟ್ಟರೆ ಕೈ ನಡುಗುತ್ತವೆ, ಬೆವರು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನಕ್ಕೆ ಇಲ್ಲದ್ದು ಕಂಡು ಬಡಬಡಿಸುವುದೂ ಉಂಟು. ಇದು ಗಾಳಿ ಸೋಕಿದ್ದಲ್ಲ; ಪ್ರಾಣಕ್ಕೆ ಅಪಾಯ. ಕೋಣೆಯಲ್ಲಿ ಕೂಡಿಹಾಕಬೇಡಿರಿ, ಆಸ್ಪತ್ರೆಗೆ ಒಯ್ಯಿರಿ. ಆದುದರಿಂದ ಬಿಡುವುದಕ್ಕೆ ಮೊದಲೇ ಡಾಕ್ಟರರನ್ನು ಕಾಣುವುದು ಒಳಿತು. ಮತ್ತೊಂದು ಮಾತು ತಾಯಂದಿರಿಗೆ. ಗಂಡನಿಗೆ ತಿಳಿಯದ ಹಾಗೆ ಊಟದಲ್ಲಿ ಪುಡಿ, ಮಾತ್ರೆ ಬೆರೆಸಬೇಡ್ರಿ. ಕುಡಿತ ಬಿಡಿಸುವ ಡೈಸಲ್ಫಿರಾಂ ಮಾತ್ರೆ ಹೊಟ್ಟೆಯಲ್ಲಿರುವಾಗ ಮೇಲೆ ಕುಡಿದರೆ ವಾಂತಿಯಾಗಿ, ಎದೆ ಬಡಿತ ಹೆಚ್ಚಿ, ರಕ್ತದ ಒತ್ತಡ ಇಳಿದು ಜೀವ ಹೋಗಬಹುದು. ಅದನ್ನು ಅವನ ಒಪ್ಪಿಗೆಯಿಂದ, ಡಾಕ್ಟರರ ಕಣ್ಣೆದುರಿಗೇ ಕೊಡತಕ್ಕದ್ದು.

ಕೂಟ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿರಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಾಲೂಕಾ ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿರಿ. ಗ್ರಾಮಾಭಿವೃದ್ಧಿ ಯೋಜನೆಯ ತಾಲೂಕು ಕಚೇರಿಯಲ್ಲಿ ಮುಂದಿನ ಶಿಬಿರ ಯಾವ ಊರಲ್ಲಿ ಎಂದು ಕೇಳಬಹುದು. ಫೋನಿನ ಮೇಲೆ 14416ಕ್ಕೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನದ್ದೇ ಬೇರೆ ನಂಬರು 14446. ಎರಡಕ್ಕೂ ಖರ್ಚಿಲ್ಲ. ಊರಾಗ ಮಂದಿ ನೋಡ್ತಾರ ಅನ್ನುವ ಮುನಿರಾಬಾದಿನವರು ರೈಲು ಹತ್ತಿ ಕೊಪ್ಪಳಕ್ಕೋ ಹೊಸಪೇಟೆಗೋ ಹೋಗಬಹುದು, ಹುಲಿಗಿ ಹುಣ್ಣಿಮೆಗೆ ಬರುವ ಗದ್ದಲದಲ್ಲಿ ಯಾರು ಯಾರನ್ನು ಕಂಡಾರು! ಕುಡಿಯುವವ ಬರಲೊಲ್ಲೆ ಎಂದರೆ ಮನೆಯವರೇ ಮೊದಲು ಹೋಗಿ ಕೇಳಿ ಬರಬಹುದು. ಹೆಂಡಿರು ಮಕ್ಕಳಿಗೆಂದೇ ಅಲ್-ಅನಾನ್ ಎಂಬ ಕೂಟ 1951ರಿಂದ ಉಂಟು.

ಹತ್ತಿರ ಎಲ್ಲಿಯೂ ಕೂಟ ಇಲ್ಲವೆಂದರೆ? ಬಿಟ್ಟವರು, ಬಿಡಬೇಕೆನ್ನುವವರು ಇಬ್ಬರು ಮೂವರು ಸಿಕ್ಕರೂ ಕೂಟವೇ. ಶಾಲೆಯ ಕೋಣೆಯೋ ಗುಡಿಯ ಕಟ್ಟೆಯೋ ಗೊತ್ತುಮಾಡಿಕೊಳ್ಳಿರಿ. ವಾರ, ವೇಳೆ ಒಂದೇ ಇರಲಿ. ನಾಟಿ, ಕಟಾವಿನ ದಿನಗಳಲ್ಲಿಯೂ ತಪ್ಪಿಸಬೇಡಿರಿ. ಕೂಲಿ ಬಟವಾಡೆಯ ಸಂಜೆಯನ್ನೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು.