ಹರೆಯದಲ್ಲಿ ನೃತ್ಯಾಭ್ಯಾಸ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬುದು ನಮ್ಮ ಹಿರಿಯರ ಮಾತು. ಹದಿನೆಂಟು ಇಪ್ಪತ್ತು ವರ್ಷದ ಮಗಳೋ ಮಗನೋ ನೃತ್ಯ ಕಲಿಯುತ್ತೇನೆಂದು ಹೇಳಿದೊಡನೆ ಮನೆಯಲ್ಲಿ ಮೊದಲು ಕೇಳಿಬರುವುದು ಇದೇ. ನಮ್ಮ ಶಾಲೆಯಲ್ಲಿ ಓದಿ ಮುಂದೆ ಕಾಲೇಜು ಸೇರಿದ, ಇಲ್ಲವೆ ಅಂಗಡಿ ಕಾರಖಾನೆಗಳಲ್ಲಿ ದುಡಿಯುತ್ತಿರುವ ತರುಣ ತರುಣಿಯರಲ್ಲಿ ಅನೇಕರಿಗೆ ಬಾಲ್ಯದಲ್ಲಿ ಇಂಥ ಶಿಕ್ಷಣದ ಅನುಕೂಲವಿರಲಿಲ್ಲ. ಫೀ ಕೊಡುವ ಶಕ್ತಿ ಮನೆಗಿರಲಿಲ್ಲ. ಕೈಹಿಡಿದು ಕರೆದೊಯ್ಯುವಷ್ಟು ಬಿಡುವು ತಂದೆತಾಯಿಗಳಿಗಿರಲಿಲ್ಲ. ಈಗ ನಾಲ್ಕು ಕಾಸು ಕೈಗೆ ಬಂದು, ಸಂಜೆಯ ಒಂದು ಗಂಟೆ ತಮ್ಮದಾದಾಗ ಆ ಆಸೆ ಮತ್ತೆ ತಲೆಯೆತ್ತುತ್ತದೆ. ಆಗ “ವಯಸ್ಸು ಮೀರಿತು” ಎಂದು ಬಾಗಿಲು ಮುಚ್ಚುವುದು ನ್ಯಾಯವೇ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದೆಯೂ ಅವರ ಪಾಲಕರ ಮುಂದೆಯೂ ಇಟ್ಟು, ವಿಷಯವನ್ನು ಸ್ವಲ್ಪ ವಿವರಿಸಬೇಕೆಂದಿದ್ದೇವೆ.

ಮೊದಲು ಇತಿಹಾಸದ ಸಾಕ್ಷ್ಯವನ್ನು ನೋಡೋಣ. 1904ರಲ್ಲಿ ಮಧುರೆಯಲ್ಲಿ ಜನಿಸಿದ ರುಕ್ಮಿಣೀದೇವಿ ಅರುಂಡೇಲರು ಬಾಲ್ಯದಲ್ಲಿ ಭರತನಾಟ್ಯ ಕಲಿತವರಲ್ಲ. ರಷ್ಯಾದ ಪ್ರಸಿದ್ಧ ನರ್ತಕಿ ಆನ್ನಾ ಪಾವ್ಲೋವಾಳ ನೃತ್ಯವನ್ನು ಕಂಡು, ಆಕೆಯ ಸ್ನೇಹದಿಂದ ಅವರಿಗೆ ಈ ಕಲೆಯಲ್ಲಿ ಆಸಕ್ತಿ ಹುಟ್ಟಿತು. ಸ್ವದೇಶದ ಕಲೆಯತ್ತ ಕಣ್ಣು ತಿರುಗಿಸೆಂದು ಪಾವ್ಲೋವಾ ಹೇಳಿದಳು. ಆ ಬಳಿಕ ರುಕ್ಮಿಣೀದೇವಿಯವರು ಮೈಲಾಪುರದ ಗೌರಿ ಅಮ್ಮಾಳ್ ಅವರಲ್ಲಿಯೂ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿಯೂ ಶಿಷ್ಯವೃತ್ತಿ ಕೈಕೊಂಡರು. 1935ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಮೊದಲ ಸಲ ಜನರೆದುರು ನರ್ತಿಸಿದಾಗ ಅವರ ವಯಸ್ಸು 31. ಮರುವರ್ಷ, ಅಂದರೆ 1936ರಲ್ಲಿ, ಅವರು ಸ್ಥಾಪಿಸಿದ ಕಲಾಕ್ಷೇತ್ರವು ಇಂದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿ ನಿಂತಿದೆ.

ಕನ್ನಡ ನಾಡಿನ ಉದಾಹರಣೆ ಇನ್ನೂ ಸ್ವಾರಸ್ಯವಾದದ್ದು. 1912ರಲ್ಲಿ ಜನಿಸಿದ ಯು. ಎಸ್. ಕೃಷ್ಣರಾಯರು ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದರು. ಅವರೂ ಪತ್ನಿ ಚಂದ್ರಭಾಗಾದೇವಿಯವರೂ 1940ರ ದಶಕದಲ್ಲಿ ಅದೇ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಅಭ್ಯಾಸ ಮಾಡಿದರು. ಹಗಲು ರಸಾಯನಶಾಸ್ತ್ರವನ್ನು ಕಲಿಸುವವನು ಗೆಜ್ಜೆ ಕಟ್ಟುವುದೆಂದರೆ ಆ ಕಾಲದಲ್ಲಿ ಸಣ್ಣ ಧೈರ್ಯವಲ್ಲ. ಈ ದಂಪತಿಗಳು ದೇಶವಿದೇಶಗಳಲ್ಲಿ ಜೋಡಿಯಾಗಿ ನರ್ತಿಸಿ, ಅನೇಕ ಶಿಷ್ಯರನ್ನು ತಯಾರಿಸಿದರು. ಹಾಗೆಯೇ ಉದಯಶಂಕರರು 1920ರಲ್ಲಿ ಲಂಡನ್ನಿಗೆ ಹೋದದ್ದು ಚಿತ್ರಕಲೆಯನ್ನು ಕಲಿಯಲು. ನೃತ್ಯವೇ ಅವರ ಜೀವನವಾದದ್ದು ಅಲ್ಲಿಂದ ಮುಂದೆ.

ಇವರೆಲ್ಲ ಅಸಾಮಾನ್ಯರು, ನಮ್ಮ ಮಕ್ಕಳಿಗೂ ಅವರಿಗೂ ಹೋಲಿಕೆಯೆಲ್ಲಿ ಎಂದು ಪಾಲಕರು ಕೇಳಬಹುದು. ಕೇಳುವುದು ಸರಿಯೇ. ಆದುದರಿಂದ ಸಾಮಾನ್ಯರ ದೇಹದಲ್ಲಿ ನಡೆಯುವುದೇನು ಎಂಬುದನ್ನು ನೋಡಬೇಕು. ಎಳೆಯ ಮಕ್ಕಳ ಕೀಲುಗಳು ಸಡಿಲಾಗಿರುತ್ತವೆ. ಹೇಳಿದ ಹಾಗೆ ಮೈ ಬಗ್ಗುತ್ತದೆ. ಇಪ್ಪತ್ತರ ಸುಮಾರಿಗೆ ಎಲುಬುಗಳ ಬೆಳವಣಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಕುರ್ಚಿಯ ಮೇಲೆ ಕುಳಿತು ರೂಢಿಯಾದ ಸೊಂಟ ತೊಡೆಗಳ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಗಾದೆಯ ಮಾತಿನಲ್ಲಿ ಇಷ್ಟು ಸತ್ಯವುಂಟು. ಆದರೆ ಎಲುಬು ಬಗ್ಗದಿದ್ದರೂ ಸ್ನಾಯು ಪಳಗುತ್ತದೆ. ಬಲವೂ ಸಮತೋಲವೂ ಯಾವ ವಯಸ್ಸಿನಲ್ಲಿಯೂ ಅಭ್ಯಾಸದಿಂದ ಹೆಚ್ಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಅಗತ್ಯವೆಂದು ಸೂಚಿಸಿತು. ದಿನಕ್ಕೆ ಅರ್ಧ ಗಂಟೆಯ ನೃತ್ಯಾಭ್ಯಾಸವು ಈ ಲೆಕ್ಕವನ್ನು ಸುಲಭವಾಗಿ ತುಂಬಿಕೊಡುತ್ತದೆ.

ಭರತನಾಟ್ಯದ ಮೊದಲ ಪಾಠ ಅರೆಮಂಡಿ. ಹಿಮ್ಮಡಿಗಳನ್ನು ಹತ್ತಿರ ತಂದು, ಪಾದಗಳನ್ನು ಎರಡು ಬದಿಗೆ ತಿರುಗಿಸಿ, ಬೆನ್ನನ್ನು ನೆಟ್ಟಗಿಟ್ಟು, ಮೊಣಕಾಲುಗಳನ್ನು ಬಾಗಿಸಿ ನಿಲ್ಲುವುದು. ವಯಸ್ಕ ವಿದ್ಯಾರ್ಥಿಯು ಎಡವುವುದು ಇಲ್ಲಿಯೇ. ಪಾದಗಳು ಹೊರಳಬೇಕಾದುದು ಸೊಂಟದ ಕೀಲಿನಿಂದ. ಅಲ್ಲಿ ಬಾರದ ತಿರುವನ್ನು ಬಲವಂತದಿಂದ ಮೊಣಕಾಲಿನಲ್ಲಿ ತಂದರೆ ಮೊಣಕಾಲು ಕೆಡುತ್ತದೆ. ಮೊಣಕಾಲು ಪಾದದ ಬೆರಳುಗಳು ತೋರುವ ದಿಕ್ಕಿಗೇ ಬಾಗಬೇಕು; ಮೊದಲು ತುಸುವೇ ಕುಳಿತು, ತಿಂಗಳುಗಳು ಕಳೆದಂತೆ ಇನ್ನಷ್ಟು ಇಳಿಯಬೇಕು. ಸಿಮೆಂಟಿನ ಅಥವಾ ಶಹಾಬಾದಿ ಫರಸಿಯ ನೆಲದ ಮೇಲೆ ಜೋರಾಗಿ ಕಾಲು ತಟ್ಟಬಾರದು. ಮಣ್ಣಿನ ನೆಲವೋ ಮರದ ಹಲಗೆಯ ನೆಲವೋ ದೊರೆತರೆ ಉತ್ತಮ. ಸ್ನಾಯುಗಳ ನೋವು ಎರಡು ಮೂರು ದಿನಗಳಲ್ಲಿ ತಾನೇ ಇಳಿಯುತ್ತದೆ. ಕೀಲಿನ ನೋವು ಉಳಿದುಕೊಂಡರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕುಣಿಯಲಾರದವಳು ನೆಲ ಡೊಂಕೆಂದಳೆಂದು ನಾವು ನಗುವುದುಂಟು. ಆದರೆ ಹೊಸದಾಗಿ ಕುಣಿಯುವವರು ನೆಲವನ್ನು ಪರೀಕ್ಷಿಸುವುದು ಜಾಣತನವೇ ಸರಿ.

ಅರೆಮಂಡಿಯ ಬಳಿಕ ಅಡವುಗಳು. ಅಕ್ಷರಗಳಿಂದ ಶಬ್ದ, ಶಬ್ದಗಳಿಂದ ವಾಕ್ಯ ಆಗುವಂತೆ ಅಡವುಗಳಿಂದ ನೃತ್ಯ ಆಗುತ್ತದೆ. ಒಂದೇ ಅಡವನ್ನು ಮೂರು ಕಾಲಗಳಲ್ಲಿ ಮಾಡಬೇಕು. ಆದಿತಾಳದ ಒಂದು ಆವರ್ತಕ್ಕೆ 8 ಎಣಿಕೆ. ಮೊದಲ ಕಾಲದಲ್ಲಿ ಎಣಿಕೆಗೊಂದರಂತೆ 8 ಹೆಜ್ಜೆಗಳಾದರೆ, ಎರಡನೆಯ ಕಾಲದಲ್ಲಿ 16, ಮೂರನೆಯದರಲ್ಲಿ 32. ಕೈತಾಳದ ವೇಗ ಮಾತ್ರ ಬದಲಾಗದು. ಮುಂದೆ 5 ಮಾತ್ರೆಗಳ ಖಂಡ ಜಾತಿಯ ಜತಿಯೊಂದನ್ನು 8 ಎಣಿಕೆಯ ತಾಳಕ್ಕೆ ಹೊಂದಿಸಬೇಕಾಗುತ್ತದೆ. ಎಣಿಕೆಗೊಂದು ಮಾತ್ರೆಯಾದರೆ, ಎರಡೂ ಕೂಡಿ ಮುಗಿಯುವುದು 40ನೆಯ ಎಣಿಕೆಗೆ. ಇದು ನಮ್ಮ ವಿದ್ಯಾರ್ಥಿಗಳು ವರ್ಗದಲ್ಲಿ ಕಲಿತ ಲಘುತಮ ಸಾಧಾರಣ ಅಪವರ್ತ್ಯವಲ್ಲದೆ ಬೇರೆಯಲ್ಲ! ಎಳೆಯ ಮಗು ಇದನ್ನು ಬಾಯಿಪಾಠ ಮಾಡುತ್ತದೆ. ಬೆಳೆದವನು ಅರಿತು ಮಾಡುತ್ತಾನೆ.

ಅರಿತು ಮಾಡುವುದೇ ಬೆಳೆದವರ ದೊಡ್ಡ ಬಂಡವಾಳ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಒಂದೇ ಕೈಯಿಂದ ತೋರಿಸುವ 28 ಹಸ್ತಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದಾದ ಪತಾಕವೊಂದೇ ಮೋಡವನ್ನೂ ಕಾಡನ್ನೂ ನದಿಯನ್ನೂ ರಾತ್ರಿಯನ್ನೂ ಸೂಚಿಸಬಲ್ಲದು. ಕೈ ಒಂದೇ; ಅರ್ಥವನ್ನು ತುಂಬುವುದು ಕಣ್ಣು ಮತ್ತು ಭಾವ. ಎಂಟು ವರ್ಷದ ಬಾಲೆಗೆ ಯಶೋದೆಯ ವಾತ್ಸಲ್ಯವನ್ನೋ ದ್ರೌಪದಿಯ ಸಂಕಟವನ್ನೋ ಹೇಳಿಕೊಡಬೇಕಾಗುತ್ತದೆ. ಬದುಕನ್ನು ಸ್ವಲ್ಪ ಕಂಡವರಿಗೆ ಅದು ತಾನಾಗಿ ತಿಳಿಯುತ್ತದೆ. ಅವರ ನಿಜವಾದ ಅಡ್ಡಿ ನಾಚಿಕೆ. ಚಿಕ್ಕ ಮಕ್ಕಳ ಸಾಲಿನಲ್ಲಿ ನಿಂತು ತಪ್ಪು ಹೆಜ್ಜೆ ಹಾಕಲು ಅವರು ಹಿಂಜರಿಯುತ್ತಾರೆ. ಈ ನಾಚಿಕೆಯನ್ನು ಗೆದ್ದವರಿಗೆ ಅರ್ಧ ವಿದ್ಯೆ ಬಂದಂತೆಯೇ.

ಪಾಲಕರ ಇನ್ನೊಂದು ಅಳುಕನ್ನೂ ಮುಚ್ಚಿಡಬೇಕಾಗಿಲ್ಲ. ನೃತ್ಯವೆಂದರೆ ಮನೆತನಕ್ಕೆ ಒಪ್ಪದ್ದೆಂಬ ಭಾವನೆ ಇನ್ನೂ ಪೂರ್ತಿ ಅಳಿದಿಲ್ಲ. ಈ ಕಲೆಯನ್ನು ಶತಮಾನಗಳ ಕಾಲ ಕಾಪಾಡಿದವರು ದೇವಾಲಯಗಳ ನರ್ತಕಿಯರು ಮತ್ತು ಅವರ ನಟ್ಟುವನಾರರು. ಸಮಾಜವು ಅವರ ಕಲೆಯನ್ನು ಮೆಚ್ಚಿ ಅವರನ್ನು ಮಾತ್ರ ಕೀಳಾಗಿ ಕಂಡಿತು. ಗೌರಿ ಅಮ್ಮಾಳರೂ ಆ ಪರಂಪರೆಯವರೇ. ಅಂಥವರು ಕಲಿಸದಿದ್ದರೆ ಇಂದು ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಓದುವ ವಿಷಯವಾಗಿ ಈ ಕಲೆ ಉಳಿಯುತ್ತಿರಲಿಲ್ಲ. ತಪ್ಪು ಕಲೆಯದೂ ಅಲ್ಲ, ಕಲಿಸಿದವರದೂ ಅಲ್ಲ. ಗಂಡುಮಕ್ಕಳಿಗೆ ಇದು ಒಪ್ಪದೆಂಬ ಮಾತಿಗೆ ನಮ್ಮ ಯಕ್ಷಗಾನವೇ ಸಾಕಷ್ಟು ಉತ್ತರ ಕೊಟ್ಟಿದೆ.

ಯಕ್ಷಗಾನದ ಹೆಸರು ಬಂದಾಗ ನಮ್ಮ ನೆರೆಯೂರನ್ನು ಮರೆಯಲಾಗದು. 1842ರ ಸುಮಾರಿಗೆ ಕನ್ನಡ ಕರಾವಳಿಯ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯ ಆರಂಭ ಅಲ್ಲಿಂದ. ಕನ್ನಡದ ಕುಣಿತವು ಮರಾಠಿ ನಾಟಕಕ್ಕೆ ನೆರವಾದ ಈ ನೆಲದಲ್ಲಿ ನಮ್ಮ ಮಕ್ಕಳು ಕುಣಿಯಲು ಸಂಕೋಚಪಡುವುದೇತಕ್ಕೆ? ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರಿಂದ ಕಲಿತ ವಿಷ್ಣು ದಿಗಂಬರ ಪಲುಸ್ಕರರ ಪರಂಪರೆಯ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳವು ಗಾಯನವಾದನಗಳಂತೆ ಕಥಕ್ ಮತ್ತು ಭರತನಾಟ್ಯಗಳಿಗೂ ಪ್ರಾರಂಭಿಕದಿಂದ ಅಲಂಕಾರದವರೆಗೆ ಪರೀಕ್ಷೆಗಳನ್ನು ನಡೆಸುತ್ತದೆ. ಶಾಸ್ತ್ರೀಯ ನೃತ್ಯಕ್ಕೆ ಮನಸ್ಸಾಗದವರಿಗೆ ಲೇಜಿಮ್, ಕೋಲಾಟಗಳಿವೆ. ಇವು ಗುಂಪಿನ ಕುಣಿತಗಳಾದುದರಿಂದ ನಾಚಿಕೆಯೂ ಬೇಗ ಬಿಡುತ್ತದೆ.

ಆರಂಭಿಸುವವರಿಗೆ ನಾಲ್ಕು ಮಾತು. ಭಾನುವಾರದ ಮೂರು ಗಂಟೆಗಿಂತ ಪ್ರತಿದಿನದ ಅರ್ಧ ಗಂಟೆ ಹೆಚ್ಚು ಫಲ ಕೊಡುತ್ತದೆ. ಹತ್ತಿಯ ಸಾದಾ ಉಡುಪು ಸಾಕು. ರೇಶಿಮೆ, ಆಭರಣಗಳಿಗೆ ಸಾಲ ಮಾಡಬಾರದು. ಬೇಗ ರಂಗಕ್ಕೇರಿಸುತ್ತೇನೆಂದು ಆಸೆ ತೋರಿಸುವವರಿಗಿಂತ ಅಡವನ್ನು ನೂರು ಸಲ ತಿದ್ದುವ ಗುರುವನ್ನು ಆರಿಸಬೇಕು. ಬಾಲ್ಯದಿಂದ ಕಲಿತವರೊಡನೆ ಸ್ಪರ್ಧಿಸದೆ, ನಿನ್ನೆಯ ತಮ್ಮೊಡನೆ ತಮ್ಮನ್ನು ಹೋಲಿಸಿಕೊಳ್ಳಬೇಕು.

ಹೀಗೆ ಕಲಿತವರೆಲ್ಲ ಪ್ರಸಿದ್ಧರಾಗುವುದಿಲ್ಲ, ಆಗಬೇಕೆಂದೂ ಇಲ್ಲ. ಶಾಲೆಯಲ್ಲಿ ಪದ್ಯ ಕಲಿತವರೆಲ್ಲ ಕವಿಗಳಾದರೇ? ಆದರೂ ಆ ಪದ್ಯಗಳು ಅವರ ಬಾಳಿಗೆ ಜೊತೆಯಾದವು. ದುಡಿಮೆಯ ದಿನದ ಕೊನೆಗೆ ತನ್ನ ಮೈ ತಾಳಕ್ಕೆ ಒಲಿಯುವ ಸುಖವೂ ಅಂಥದೇ. ಬಾಲ್ಯದಲ್ಲಿ ನಾವು ಕೊಡಲಾಗದೆ ಹೋದುದನ್ನು ಮಕ್ಕಳು ತಾವೇ ದುಡಿದು ಪಡೆಯಹೊರಟಾಗ, ಪಾಲಕರು ಅಡ್ಡಿಯಾಗದೆ ಹರಸಿ ಕಳುಹಬೇಕೆಂದು ನಮ್ಮ ವಿನಂತಿ.