ಹಿರಿಯರಿಂದ ಕೇಳಿ ಬರೆದಿಡುವ ಬಗೆ

ಚರಿತ್ರೆಯ ಪಾಠದಲ್ಲಿ ನಾವು ಅರಸರ ಹೆಸರುಗಳನ್ನೂ ಯುದ್ಧಗಳ ವರ್ಷಗಳನ್ನೂ ಓದುತ್ತೇವೆ. ಆದರೆ ನಮ್ಮ ಮನೆತನವು ಈ ಹೈದರಾಬಾದು ನಗರಕ್ಕೆ ಯಾವ ಊರಿನಿಂದ, ಯಾವ ವರ್ಷ, ಏತಕ್ಕಾಗಿ ಬಂದಿತೆಂದು ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗುತ್ತೇವೆ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ನೆಯ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಹೈದರಾಬಾದು ರಾಜ್ಯದಲ್ಲಿದ್ದುವು. ಆ ಭಾಗದ ಜನರಿಗೆ ಇದೇ ರಾಜಧಾನಿಯಾಗಿದ್ದಿತು. ಓದಿಗೂ ಉದ್ಯೋಗಕ್ಕೂ ಇಲ್ಲಿಗೆ ಬಂದವರು ತಮ್ಮ ಸಂಗಡ ಹಾಡು, ಗಾದೆ, ಅಡಿಗೆ, ಹಬ್ಬಗಳನ್ನೂ ತಂದರು. ಅವುಗಳಲ್ಲಿ ಬಹುಭಾಗವು ಪುಸ್ತಕದಲ್ಲಿಲ್ಲ, ಹಿರಿಯರ ನೆನಪಿನಲ್ಲಿದೆ. ಅದನ್ನು ಬರೆದಿಡುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಇದಕ್ಕೆ ದೊಡ್ಡ ವಿದ್ವತ್ತು ಬೇಕೆಂದು ಅಂಜಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬರು ತಮ್ಮ ಸುತ್ತಣ ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಅವು 'ಗರತಿಯ ಹಾಡು' ಎಂಬ ಪುಸ್ತಕವಾಗಿ ಹೊರಬಂದುವು. ಮುಂದೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು; ಆದರೆ ಬರೆದಿಟ್ಟ ಹಾಡುಗಳು ಉಳಿದುವು.

ನಾವೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಬೇಕು. ನಮ್ಮ ಅಜ್ಜಿ ನಸುಕಿನಲ್ಲಿ ಬೀಸುತ್ತ ಹಾಡುತ್ತಿದ್ದಳು. ಶಾಲೆಯ ಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿದ ನಾವು ಅವಳ ಹಾಡನ್ನು ಒಂದು ದಿನವೂ ಬರೆದುಕೊಳ್ಳಲಿಲ್ಲ. ಬೇಸಗೆಯ ರಜೆಯಲ್ಲಿ ಬರೆದರಾಯಿತೆಂದುಕೊಂಡೆವು. ರಜೆ ಬರುವ ಮೊದಲೇ ಅವಳು ತೀರಿಕೊಂಡಳು. ಈಗ ನಮಗೆ ರಾಗದ ನೆನಪಿದೆ, ಮಾತಿನ ನೆನಪಿಲ್ಲ.

ಈ ಕೆಲಸಕ್ಕೆ ಒಂದು ನೋಟುಬುಕ್ಕು, ಒಂದು ಪೆನ್ಸಿಲು ಸಾಕು. ಮೊದಲು ಹಿರಿಯರ ಒಪ್ಪಿಗೆ ಪಡೆಯಬೇಕು. ಹಾಳೆಯ ತಲೆಯಲ್ಲಿ ಹೇಳಿದವರ ಹೆಸರು, ವಯಸ್ಸು, ಹುಟ್ಟೂರು, ಕೇಳಿದ ಸ್ಥಳ, ತಾರೀಖುಗಳನ್ನು ಬರೆಯಬೇಕು. ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡಬಹುದು. ಆದರೆ ಹಾಡನ್ನು ಯಾವ ಸಂದರ್ಭದಲ್ಲಿ ಹಾಡುತ್ತಾರೆ, ಕಠಿಣವಾದ ಮಾತಿನ ಅರ್ಥವೇನು ಎಂಬುದನ್ನು ಕೇಳಿ ಬರೆಯದಿದ್ದರೆ ಆ ಧ್ವನಿ ಮುಂದಿನವರಿಗೆ ತಿಳಿಯದು.

ಕೇಳಿದ ಮಾತನ್ನು ತಿದ್ದಕೂಡದು. ಅಜ್ಜಿ 'ರೊಟ್ಟಿ ಬಡಿ' ಎಂದರೆ ಅದನ್ನು 'ರೊಟ್ಟಿ ತಟ್ಟು' ಎಂದು ಬದಲಿಸಬಾರದು. ನಡುವೆ ಉರ್ದು, ತೆಲುಗು ಮಾತುಗಳು ಬಂದರೆ ಅವನ್ನೂ ಹಾಗೆಯೇ ಬರೆಯಬೇಕು. ನಾವು ಈ ನಗರದಲ್ಲಿ ಯಾರೊಡನೆ ಬಾಳಿದೆವೆಂಬುದಕ್ಕೆ ಅವೇ ಸಾಕ್ಷಿ.

ಪ್ರಶ್ನೆಗಳು 'ಹೌದು', 'ಇಲ್ಲ' ಎಂಬಲ್ಲಿಗೆ ಮುಗಿಯುವಂತಿರಬಾರದು. ಕಲಬುರಗಿ, ಬೀದರ ಸೀಮೆಯಲ್ಲಿ ಎಳ್ಳಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಒಯ್ದು, ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತಾರೆ. 'ಹೊಲವಿಲ್ಲದ ಈ ನಗರದಲ್ಲಿ ಆ ದಿನ ನೀವು ಏನು ಮಾಡುತ್ತೀರಿ? ಮೊದಲ ವರ್ಷ ಇಲ್ಲಿ ಆ ಹಬ್ಬ ಹೇಗೆ ಕಳೆಯಿತು?' ಎಂದು ಕೇಳಿದರೆ ಒಂದು ಬದುಕೇ ತೆರೆದುಕೊಳ್ಳುವುದು.

ವಸ್ತುಗಳೂ ಮಾತನಾಡುತ್ತವೆ. ಮನೆಯಲ್ಲಿ ಬೀಸುವ ಕಲ್ಲಿದ್ದರೆ ಅದರ ಚಿತ್ರ ಬರೆದು, ಅಗಲವನ್ನು ಅಳೆದು, ಯಾರು ಎಲ್ಲಿಂದ ತಂದರೆಂಬುದನ್ನು ಕೆಳಗೆ ಬರೆಯಿರಿ. ಹಳೆಯ ಫೋಟೋದಲ್ಲಿರುವವರ ಹೆಸರುಗಳನ್ನು ಗುರುತಿಸಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಹಳೆಯ ಕಾಗದ, ಲಗ್ನಪತ್ರಿಕೆಗಳಲ್ಲಿ ಊರು, ತಾರೀಖುಗಳು ದೊರೆಯುತ್ತವೆ.

ಒಂದೇ ಸಂಗತಿಯನ್ನು ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಎರಡನ್ನೂ ಬರೆಯಬೇಕು. ಬರೆದುದನ್ನು ಹೇಳಿದವರಿಗೆ ಓದಿ ತೋರಿಸಬೇಕು. ಅವರು ಬೇಡವೆಂದ ಮಾತನ್ನು ತೆಗೆದುಹಾಕಬೇಕು. ಬಳಿಕ ಎರಡು ಪ್ರತಿ ಮಾಡಿ, ಒಂದನ್ನು ಮನೆಯಲ್ಲಿಟ್ಟು, ಇನ್ನೊಂದನ್ನು ಅವರ ಒಪ್ಪಿಗೆಯಿದ್ದರೆ ಶಾಲೆಯ ಗ್ರಂಥಾಲಯಕ್ಕೆ ಕೊಡಬಹುದು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಬ್ಬ ಹಿರಿಯರಿಂದ ಒಂದು ಹಾಡನ್ನಾಗಲಿ, ಒಂದು ಹಬ್ಬದ ವಿವರವನ್ನಾಗಲಿ ಬರೆದು ತನ್ನಿರಿ. ಮುಂದಿನ ವರ್ಷ ನೋಡೋಣವೆಂದು ತಡೆಯಬೇಡಿರಿ. ನಾವು ತಡೆದು ಕಳೆದುಕೊಂಡುದನ್ನು ಮೇಲೆ ಹೇಳಿದ್ದೇವೆ.