ಗಡಿಯಾರದ ಕಸುಬಿನಿಂದ ಅನ್ವಯಿಕ ವಿಜ್ಞಾನದವರೆಗೆ: ಫುರ್ಟ್‌ವಾಂಗೆನ್‌ನ ನಿದರ್ಶನ

ಮನೆಯ ಕಸುಬೊಂದು ಶಾಲೆಯ ಕೊಠಡಿಗೆ ಸಾಗಿದಾಗ ಪರಂಪರೆ ಅಳಿಯುತ್ತದೆಂಬ ಅಭಿಪ್ರಾಯ ಜಾನಪದ ವಿದ್ವಾಂಸರಲ್ಲಿ ಬಲವಾಗಿದೆ. ಜರ್ಮನಿಯ ನೈರುತ್ಯದಲ್ಲಿ ಬ್ಲ್ಯಾಕ್ ಫಾರೆಸ್ಟ್ ಎಂದು ಹೆಸರಾದ ಬೆಟ್ಟಸೀಮೆಯ ಫುರ್ಟ್‌ವಾಂಗೆನ್ ಎಂಬ ಸಣ್ಣ ಊರಿನಲ್ಲಿರುವ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ಚರಿತ್ರೆ ಈ ಅಭಿಪ್ರಾಯವನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

ಈ ಸೀಮೆಯಲ್ಲಿ ಹೊಲಮನೆಯನ್ನು ಪಾಲು ಮಾಡದೆ ಒಬ್ಬನೇ ಮಗನಿಗೆ ಬಿಡುವ ರೂಢಿಯಿತ್ತು. ಉಳಿದವರಿಗೆ ಬೇರೆ ಜೀವನೋಪಾಯ ಬೇಕಾಗಿತ್ತು. ಹಿಮ ಬೀಳುವ ದೀರ್ಘ ಚಳಿಗಾಲವೂ ಸೇರಿ, 18ನೆಯ ಶತಮಾನದಲ್ಲಿ ಮರದ ಗಡಿಯಾರದ ಕಸುಬು ಮನೆಮನೆಗೂ ಹಬ್ಬಿತು. ಒಬ್ಬರು ಚಕ್ರಗಳನ್ನು ಕೊರೆದರೆ, ಮತ್ತೊಬ್ಬರು ಮುಖಫಲಕಕ್ಕೆ ಬಣ್ಣ ಬರೆಯುತ್ತಿದ್ದರು. ಇನ್ನೊಬ್ಬರು ಗಂಟೆ ಎರಕ ಹೊಯ್ಯುತ್ತಿದ್ದರು. ಸಿದ್ಧವಾದ ಗಡಿಯಾರಗಳನ್ನು ಬೆನ್ನಿಗೆ ಕಟ್ಟಿಕೊಂಡು ದೂರದ ದೇಶಗಳಿಗೂ ಒಯ್ದು ಮಾರುವ ಸಂಚಾರಿ ವ್ಯಾಪಾರಿಗಳ ವರ್ಗವೇ ಬೆಳೆದಿತ್ತು. 1840ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳ ಅಗ್ಗದ ಗಡಿಯಾರಗಳು ಈ ವ್ಯವಸ್ಥೆಯನ್ನು ಅಲುಗಾಡಿಸಿದವು. ಆಗ ಬಾಡೆನ್ ಸಂಸ್ಥಾನದ ಸರ್ಕಾರವು 1850ರಲ್ಲಿ ಇಲ್ಲಿ ಗಡಿಯಾರ ಶಾಲೆಯೊಂದನ್ನು ತೆರೆದು, ಮೂವತ್ತರ ಹರೆಯದ ಎಂಜಿನಿಯರ್ ರಾಬರ್ಟ್ ಗೆರ್ವಿಗ್‌ನನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿತು. ಇಂದಿನ ವಿಶ್ವವಿದ್ಯಾಲಯದ ಮೂಲ ಇದೇ. ಅದು ಹುಟ್ಟಿದ್ದು ಉದ್ಯಮದ ಏಳಿಗೆಯಿಂದಲ್ಲ, ಕಸುಬುದಾರರ ಸಂಕಟದಿಂದ ಎಂಬುದು ಗಮನಾರ್ಹ.

ಅದೇ ವರ್ಷ ಗೆರ್ವಿಗ್ ಗಡಿಯಾರದ ಹೊಸ ವಿನ್ಯಾಸಕ್ಕಾಗಿ ಸ್ಪರ್ಧೆಯನ್ನು ಏರ್ಪಡಿಸಿದನು. ರೈಲ್ವೆ ಕಟ್ಟಡಗಳ ವಾಸ್ತುಶಿಲ್ಪಿ ಫ್ರೀಡ್ರಿಷ್ ಐಸೆನ್‌ಲೋರ್, ಹಳಿ ಕಾಯುವವನ ಮನೆಯ ಆಕಾರವನ್ನು ಗಡಿಯಾರಕ್ಕೆ ಕೊಟ್ಟನು. ಕೋಗಿಲೆ ಕೂಗುವ ಗಡಿಯಾರ ಮೊದಲೇ ಇದ್ದಿತಾದರೂ, ಇಂದು ಪ್ರವಾಸಿಗರು ಅಪ್ಪಟ ಜನಪದ ವಸ್ತುವೆಂದು ಕೊಂಡೊಯ್ಯುವ ಅದರ ಮನೆಯಾಕಾರ ರೂಪುಗೊಂಡದ್ದು ಈ ವಿನ್ಯಾಸದಿಂದ. 'ಅಪ್ಪಟ' ಎಂಬ ಪದವನ್ನು ನಮ್ಮ ಕ್ಷೇತ್ರದಲ್ಲಿ ಎಷ್ಟು ಅವಸರದಿಂದ ಬಳಸಲಾಗುತ್ತದೆ! 1852ರಿಂದ ಗೆರ್ವಿಗ್ ಹಳೆಯ ಗಡಿಯಾರಗಳನ್ನೂ ಸಂಗ್ರಹಿಸತೊಡಗಿದನು. ಆ ಸಂಗ್ರಹವೇ ಬೆಳೆದು ಜರ್ಮನ್ ಗಡಿಯಾರ ವಸ್ತುಸಂಗ್ರಹಾಲಯವಾಯಿತು. ಹೊಸದನ್ನು ಕಲಿಸುವುದು, ಹಳೆಯದನ್ನು ಕಾಪಾಡುವುದು, ಎರಡೂ ಒಂದೇ ಕೈಯಿಂದ ನಡೆದವು.

ಶಾಲೆ 1863ರಲ್ಲಿ ಮುಚ್ಚಿ, 1877ರಲ್ಲಿ ಮತ್ತೆ ತೆರೆಯಿತು. 1971ರಲ್ಲಿ ಅದಕ್ಕೆ ಅನ್ವಯಿಕ ಉನ್ನತ ಶಿಕ್ಷಣ ಸಂಸ್ಥೆಯ ಸ್ಥಾನ ದೊರೆಯಿತು. ವಿಪರ್ಯಾಸವೆಂದರೆ, ಅದೇ ದಶಕದಲ್ಲಿ ಕ್ವಾರ್ಟ್ಜ್ ತಂತ್ರಜ್ಞಾನದ ಪೈಪೋಟಿಗೆ ಸಿಲುಕಿ ಸೀಮೆಯ ಗಡಿಯಾರ ಕಾರ್ಖಾನೆಗಳು ಕುಸಿಯತೊಡಗಿದವು. ತಾಯಿಕಸುಬು ಕುಸಿದರೂ ಸಂಸ್ಥೆ ಉಳಿಯಿತು. ಸೂಕ್ಷ್ಮ ಯಂತ್ರವಿದ್ಯೆ, ಎಲೆಕ್ಟ್ರಾನಿಕ್ಸ್, ಗಣಕ ವಿಜ್ಞಾನಗಳತ್ತ ಹೊರಳಿತು. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಹೆಸರಾದ ಟುಟ್ಲಿಂಗೆನ್‌ನಲ್ಲಿ 2009ರಲ್ಲಿ ಆರಂಭವಾದ ಅದರ ಶಾಖೆಗೆ ಅಲ್ಲಿನ ಉದ್ಯಮಗಳೇ ಬೆಂಬಲವಾಗಿ ನಿಂತಿವೆ.

ಇಂತಹ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ 5 ವರ್ಷಗಳ ವೃತ್ತಿ ಅನುಭವ ಬೇಕು; ಅದರಲ್ಲಿ ಕನಿಷ್ಠ 3 ವರ್ಷ ಉನ್ನತ ಶಿಕ್ಷಣ ಸಂಸ್ಥೆಯ ಹೊರಗಿನದಾಗಿರಬೇಕು. ವಿದ್ಯಾರ್ಥಿಗಳು ಪದವಿಯ ನಡುವೆ ಒಂದು ಷಣ್ಮಾಸವನ್ನು ಉದ್ಯಮದಲ್ಲಿಯೇ ಕಳೆಯುತ್ತಾರೆ. ಯಜಮಾನನ ಮನೆಯಲ್ಲಿದ್ದು ಕೈಕೆಲಸ ಕಲಿಯುತ್ತಿದ್ದ ಹಿಂದಿನ ಪದ್ಧತಿ ಇಲ್ಲಿ ಬೇರೆ ವೇಷದಲ್ಲಿ ಮುಂದುವರಿದಿದೆ. ಆದರೆ ಗಡಿಯಾರ ಹೊತ್ತು ನಡೆದವರ ಮತ್ತು ಮುಖಫಲಕಕ್ಕೆ ಬಣ್ಣ ಬರೆದ ಮನೆಮಂದಿಯ ಅರಿವಿಗೆ ಈ ಪಠ್ಯಕ್ರಮದಲ್ಲಿ ಜಾಗ ದೊರೆಯಲಿಲ್ಲ. ಅವರ ಕೈಗೆಲಸ ವಸ್ತುಸಂಗ್ರಹಾಲಯದ ಗಾಜಿನ ಕಪಾಟುಗಳಲ್ಲಿದೆ.